ಚೀಲದ ತೂಕ

ಕಟಕಟಿಯೊಳಗ ನಿಂತಾಗ ಮೊದಲ ಕೇಳಿದ್ದು ಹೆಸರು.
ರಾಜೇಸಾಬ ಮೋಟೆಬೆನ್ನೂರ, ಅಂದೆ. ಕೆಲಸ?
ತೂಕ ಮಾಡೂದ್ರಿ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ,
ಇಪ್ಪತ್ತಾರು ವರ್ಷ.
ಟೈಪ್ ಮಾಡಾಕಿ ಬರಕೊಂಡ್ಲು. ಇಪ್ಪತ್ತಾರು ವರ್ಷ
ಅರ್ಧ ಸಾಲಿನ್ಯಾಗ ಮುಗೀತು.

ಆರೋಪಿ ಗುರುತದಾರೇನು?
ಗುರುತಿಲ್ಲದ ಏನ್ರಿ. ಕಸ್ತೂರಿ ಹಿತ್ತಲಮನಿ.
ಟೆಂಡರ್ ಖೋಲ್ಯಾಗ ಕಂಪ್ಯೂಟರ್ ಮುಂದ
ಮೂಗಿಗೆ ಓಢಣಿ ಹಿಡಕೊಂಡು ಕೂಡ್ರಾಕಿ.
ಆರು ವರ್ಷ ಆದ್ರೂ ಘಾಟು ಒಗ್ಗಿದ್ದಿಲ್ಲ.

ನಾ ಕೇಳಿದ್ದು ಇಷ್ಟ:
ಸೋಮವಾರ, ಹನ್ನೊಂದರ ಸುಮಾರು, ಫೋನಿನ್ಯಾಗ
ಒಂದೊಂದ ಅಕ್ಷರ ಬಿಡಿಸಿ ಹೇಳಾಕತ್ತಿದ್ಲು,
ಸಾಲಿ ಹುಡುಗರಿಗೆ ಶುದ್ಧಬರಹ ಹೇಳಿದಂಗ.
ಊರಿನ ಹೆಸರು. ಆಮ್ಯಾಲೆ ಒಂದು, ಎರಡು, ಮೂರು.
ನಾ ನಕ್ಕಿದ್ದೆ. ಇಡೀ ಪ್ಯಾಟಿಯ ಕೀಲಿಗೆ
ಬಾಲವಾಡಿ ಅಂಕಿ.

ಅವತ್ತ ಯಾರೋ ಎಲ್ಲೋ ಕುಂತು ಒಳಗ ಹೊಕ್ಕಿದ್ರು.
ನಲವತ್ತೊಂದು ಲಾಟಿನ ದರ ತಿದ್ದಿದ್ರು.
ಕುಂದಗೋಳ ಕಡೆ ಬಸಲಿಂಗವ್ವ ಚೀಟಿ ಓದಿಸಿಕೊಂಡು
ಹಿಂದ ಮುಂದ ತಿರುವಿ ನೋಡಿದ್ಲು,
ಉಳಿದ ರೊಕ್ಕ ಹಿಂದಿನ ಮಗ್ಗಲಕ್ಕ ಬರದಿರತಾರೇನೋ ಅನ್ನೂಹಂಗ.

ಕಸ್ತೂರಿಗೆ ಸಿಕ್ಕಿದ್ದು ಎಂಟು ಸಾವಿರ.
ಅದನ್ನ ಆಕಿ ಮುಚ್ಚಿಡಲಿಲ್ಲ.
"ನೋಡತಾರಂತ ಗೊತ್ತಿತ್ರಿ.
ತಿದ್ದತಾರಂತ ಗೊತ್ತಿದ್ದಿಲ್ಲ."
ಆ ಎರಡು ಮಾತಿನ ನಡುವ
ವಕೀಲರು ಎರಡು ದಿನ ಅಡ್ಡಾಡಿದ್ರು.

ಕೀಲಿ ಕೊಟ್ಟಾಕಿನೂ ಕಳ್ಳಿನ, ಮೂರು ವರ್ಷ ಹಾಕ್ರಿ, ಅಂದ ಒಬ್ಬಾಂವ.
ಒಳಗ ಹೊಕ್ಕಾಂವ ಯಾವ ರಾಜ್ಯದಾಂವ ಅಂತನೂ ನಿಮಗ ಗೊತ್ತಿಲ್ಲ,
ಸಿಕ್ಕಾಕಿ ಹೆಗಲಿಗೆ ಸಿಗಲಾರದವನ ಪಾಲೂ ಹೇರಬ್ಯಾಡ್ರಿ, ಅಂದ ಇನ್ನೊಬ್ಬಾಂವ.
ಇಬ್ಬರಿಗೂ ಬಾಯಿ ಒಣಗಿತ್ತು. ಪಂಕಾ ನಿಂತಿತ್ತು.

ಆ ಅಂಕಿ ಪರದೆಯ ಅಂಚಿಗೆ ಹಳದಿ ಚೀಟಿಮ್ಯಾಲೆ
ವರ್ಷಾನುಗಟ್ಟಲೆ ಅಂಟಿಕೊಂಡಿತ್ತು, ಚಾ ತರೂ ಹುಡುಗ ಸೈತ ಓದಿದ್ದ,
ಅನ್ನೂದನ್ನ ಯಾರೂ ಕೇಳಲಿಲ್ಲ.
ಚೀಟಿ ಅಂಟಿಸಿದ ಸಾಹೇಬರಿಗೆ ಸವಣೂರಿಗೆ ವರ್ಗ ಆತು.
ಹಾರ ಹಾಕಿ ಫೋಟೋ ತಗಸಿದ್ರು.
ಫೋಟೋದಾಗ ನಾನೂ ಅದೇನಿ.

ನಮ್ಮಲ್ಲಿ ಒಂದು ರೂಢಿ.
ಕಾಟಾದಮ್ಯಾಲೆ ಚೀಲ ಏರಿದಾಗ ಮೂಡಿದ ಅಂಕಿ
ಪೂರಾ ಮಾಲಿಂದಲ್ಲ.
ಗೋಣಿ ಮುರದು, ಹಸಿ ಇದ್ರ ಹಸಿ ಮುರದು, ಆಮ್ಯಾಲೆ ಬರೀಬೇಕು.
ಮುರೀದ ಬರದ್ರ ಕೊಂಡಾಂವಗ ಮೋಸ,
ಹೆಚ್ಚ ಮುರದ್ರ ತಂದಾಂವಗ.
ಆಕಿ ತಪ್ಪಿನ್ಯಾಗ ಚೀಲ ಎಷ್ಟು, ಮಾಲು ಎಷ್ಟು?
ಕಟಕಟಿಯೊಳಗ ಇದು ನಾಲಿಗಿ ತುದಿತನಕಾ ಬಂದಿತ್ತು.
ಕೇಳಿದ್ದಕ್ಕಷ್ಟ ಹೇಳು ಅಂದಿದ್ರು. ನುಂಗಿದೆ.

ನಮ್ಮ ಕಾಯಿ ಕಂಡಷ್ಟು ಖಾರ ಇರೂದಿಲ್ಲ,
ಬಣ್ಣ ನೋಡಿ ಹೆದರೂದು ಹೊರಗಿನವ್ರು.
ಹಂಗಂತ ಕೈ ತೊಳೀದ
ಕಣ್ಣು ಮುಟ್ಟಿ ನೋಡ್ರಿ.

ಹೋದ ತಿಂಗಳ ತೀರ್ಪಾತು. ಹತ್ತು ತಿಂಗಳು, ದಂಡ ಬ್ಯಾರೆ.
ಹೆಚ್ಚಾತು ಅಂದ್ರು ಹಮಾಲರು.
ಕಮ್ಮಿ ಆತು ಅಂದ್ಲು ಬಸಲಿಂಗವ್ವ. ಆಕಿ ರೊಕ್ಕ ಇನ್ನೂ ಬಂದಿಲ್ಲ.
ನಾ ಇಬ್ಬರಿಗೂ ಹೌದು ಅಂದೆ,
ಇಬ್ಬರಿಗೂ ಖರೇನ ಅಂದೆ.

ಟೆಂಡರ್ ಖೋಲಿಗೆ ಹೊಸ ಹುಡುಗ ಬಂದಾನ.
ಹಳದಿ ಚೀಟಿ ಕಿತ್ತ ಜಾಗದಾಗ ಅಂಟಿನ ಕಲೆ ಐತಿ.
"ಕಾಕಾ, ಒಂಚೂರು ಆಕಡೆ ಮಾರಿ ಮಾಡ್ರಿ" ಅಂತಾನ.
ಮಾಡತೇನಿ. ಗ್ವಾಡಿಮ್ಯಾಲೆ ಹ್ವಾದ ವರ್ಷದ ಕ್ಯಾಲೆಂಡರು.
ಬೆನ್ನ ಹಿಂದ ಗುಂಡಿಗೋಳು ಟಕ್ ಟಕ್ ಅಂತಾವು.
ಎಣಿಸಬಾರದು. ಆದ್ರ ಇಪ್ಪತ್ತಾರು ವರ್ಷದ ಚಟ,
ಎಣಿಸದ ಇರಾಕ ಬರೂದಿಲ್ಲ.

ಹನ್ನೊಂದು.

ಇದನ್ನ ನಿಮಗ ಹೇಳಬಾರದಿತ್ತೇನೋ.